ಲೀಟರಿನ ಎಣ್ಣೆ ಕೆ.ಜಿ.ಗೆ ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಕೋಡುಬಳೆ ಮಾಡುವ ಬಗೆ ಹೇಳುವಾಗ "ಹಿಟ್ಟಿಗೆ ಕಾಸಿದ ಎಣ್ಣೆ 45 ಗ್ರಾಂ" ಎಂದು ಬರೆದಿದ್ದೆ. ಆ ಒಂದು ಸಾಲಿಗೇ ಬಹಳ ಕಾಗದಗಳು ಬಂದಿವೆ. ಎಣ್ಣೆಯನ್ನು ಯಾರು ತೂಗುತ್ತಾರೆ, ಲೋಟದಲ್ಲೋ ಚಮಚದಲ್ಲೋ ಹೇಳಬಾರದಿತ್ತೇ ಎಂದು ಕೆಲವರು ಕೇಳಿದ್ದಾರೆ. 45 ಗ್ರಾಂ ಅಂದರೆ 45 ಮಿ.ಲೀ. ತಾನೇ ಎಂದು ಇನ್ನು ಕೆಲವರು. ಅಲ್ಲ, 45 ಗ್ರಾಂ ಎಣ್ಣೆ 50 ಮಿ.ಲೀ.ಗೆ ಹತ್ತಿರ. ಈ ಸಲದ ಅಂಕಣವನ್ನು ಪೂರ್ತಿ ಎಣ್ಣೆಯ ಅಳತೆಗೇ ಇಟ್ಟಿದ್ದೇನೆ.

ನಾನು ಬೆಳೆದದ್ದು ಚಳ್ಳಕೆರೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಈ ಊರಿಗೆ ಎಣ್ಣೆ ನಗರಿ ಎಂದೇ ಹೆಸರು. ಸುತ್ತಲಿನ ಹೊಲಗಳ ಶೇಂಗಾ ಇಲ್ಲಿನ ಮಿಲ್ಲುಗಳಿಗೆ ಬಂದು ಬೀಳುತ್ತಿತ್ತು. ಅಂಥ ಒಂದು ಮಿಲ್ಲಿನಲ್ಲಿ ನಮ್ಮಪ್ಪ ಕಾಟಾದ ಪಕ್ಕ ಕೂತು ತೂಕ ಬರೆಯುವ ಗುಮಾಸ್ತರಾಗಿದ್ದರು. ಡಬ್ಬ ತುಂಬಿತೋ ಇಲ್ಲವೋ ಎಂದು ಅವರು ಬಗ್ಗಿ ನೋಡಿದ್ದನ್ನು ನಾನು ಕಾಣೆ. ಕಾಟಾದ ಮೇಲೆ ಇಡಿಸಿ ಮುಳ್ಳು ನೋಡುತ್ತಿದ್ದರು. ಆಮೇಲೆ 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದೆ. ಹಾಗಾಗಿ ಈ ಪ್ರಶ್ನೆಗಳು ನನಗೆ ತವರಿನಿಂದ ಬಂದ ಕಾಗದಗಳಂತೆ ಅನ್ನಿಸಿದವು.

ಅಕ್ಕಾ, ನಾನು ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಒಂದು ಕಡೆ ಎಣ್ಣೆ ಡಬ್ಬಕ್ಕೆ 2,400 ರೂಪಾಯಿ, ಇನ್ನೊಂದು ಕಡೆ 2,250. ಎರಡೂ ಹದಿನೈದರ ಡಬ್ಬವೇ. 150 ರೂಪಾಯಿ ಉಳಿಯುತ್ತದೆ ಎಂದು ಎರಡನೆಯದನ್ನು ತರುತ್ತಿದ್ದೇನೆ. ಆದರೆ ಎಣ್ಣೆ ಮೊದಲಿಗಿಂತ ಬೇಗ ಖಾಲಿಯಾಗುತ್ತಿದೆ. ನನ್ನ ಕೈ ದುಂದಾಯಿತೇ?
— ಓದುಗಿ, ದಾವಣಗೆರೆ

ನಿಮ್ಮ ಕೈ ದುಂದಾಗಿಲ್ಲ ತಾಯಿ. "ಹದಿನೈದರ ಡಬ್ಬ" ಎಂಬ ಮಾತೇ ನಿಮ್ಮ ಲೆಕ್ಕ ತಪ್ಪಿಸಿದೆ. ಹದಿನೈದು ಏನು, ಕೆ.ಜಿ.ಯೋ ಲೀಟರೋ? ಎರಡೂ ಡಬ್ಬ ಪಕ್ಕಪಕ್ಕದಲ್ಲಿಟ್ಟು ಮೇಲಿನ ಅಚ್ಚು ಓದಿ. 2,400ರದ್ದು 15 ಕೆ.ಜಿ., 2,250ರದ್ದು 15 ಲೀಟರ್ ಇರಬೇಕು.

ಅಡುಗೆ ಎಣ್ಣೆ ನೀರಿಗಿಂತ ಹಗುರ. ಸಾರಿನ ಮೇಲೆ ತೇಲುವುದನ್ನು ದಿನಾ ನೋಡುತ್ತೇವೆ. ಒಂದು ಲೀಟರ್ ನೀರು ಒಂದು ಕೆ.ಜಿ. ತೂಗಿದರೆ ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 15 ಲೀಟರಿನ ಡಬ್ಬದಲ್ಲಿ ಇರುವುದು 15ನ್ನು 0.91ರಿಂದ ಗುಣಿಸಿದಷ್ಟು, ಅಂದರೆ 13.65 ಕೆ.ಜಿ. ಇನ್ನೊಂದು ಡಬ್ಬಕ್ಕಿಂತ 1 ಕೆ.ಜಿ. 350 ಗ್ರಾಂ ಕಡಿಮೆ.

ಈಗ ದರ ನೋಡಿ. 2,400ನ್ನು 15ರಿಂದ ಭಾಗಿಸಿದರೆ ಕೆ.ಜಿ.ಗೆ 160 ರೂಪಾಯಿ. 2,250ನ್ನು 13.65ರಿಂದ ಭಾಗಿಸಿದರೆ ಕೆ.ಜಿ.ಗೆ ಹತ್ತಿರ ಹತ್ತಿರ 165. ಅಗ್ಗ ಅಂದುಕೊಂಡದ್ದೇ ಕೆ.ಜಿ.ಗೆ ಐದು ರೂಪಾಯಿಯಷ್ಟು ತುಟ್ಟಿ. ತಿಂಗಳಿಗೆ 60 ಕೆ.ಜಿ. ಎಣ್ಣೆ ಸುಡುವವರಿಗೆ ಸುಮಾರು 290 ರೂಪಾಯಿ ಹೆಚ್ಚು ಖರ್ಚು. ಅಂಗಡಿಯವರು ಮೋಸ ಮಾಡಿದರು ಎನ್ನಲಾಗದು, ಡಬ್ಬದ ಮೇಲೆ ಲೀಟರ್ ಎಂದೇ ಅಚ್ಚಾಗಿರುತ್ತದೆ. 15 ಲೀಟರಿನ ಡಬ್ಬ 2,184 ರೂಪಾಯಿಗೆ ಸಿಕ್ಕರೆ ಎರಡೂ ಸರಿಸಮ. ಅದಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ನಿಮಗೆ ಲಾಭ.

ಇದೇ ಡಬ್ಬದಿಂದ ನಾನೂ ಪೆಟ್ಟು ತಿಂದವಳು. 2009ರಲ್ಲಿ ಮಗಳ ಮದುವೆಗೆ ಅಡುಗೆ ಭಟ್ಟರು ಸಾಮಾನಿನ ಪಟ್ಟಿಯಲ್ಲಿ "ಎಣ್ಣೆ 4 ಡಬ್ಬ" ಎಂದು ಬರೆದುಕೊಟ್ಟರು. ಅವರ ಲೆಕ್ಕ 60 ಕೆ.ಜಿ. ನನ್ನ ತಮ್ಮ ತಂದು ಇಳಿಸಿದ್ದು 15 ಲೀಟರಿನ 4 ಡಬ್ಬ. ಅಂದರೆ 54.6 ಕೆ.ಜಿ. ಮಾತ್ರ. ಧಾರೆ ಮುಗಿದು ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಹಪ್ಪಳ ಕರಿಯಲು ಎಣ್ಣೆ ಇಲ್ಲ. ಭಟ್ಟರು ಎಣ್ಣೆ ಕದ್ದಿದ್ದಾರೆ ಎಂದು ನಮ್ಮ ಕಡೆಯವರೊಬ್ಬರು ಎಲ್ಲರ ಎದುರಿಗೇ ಅಂದುಬಿಟ್ಟರು. ಅವರು ಏನೂ ಹೇಳದೆ ಸೌಟು ಕೆಳಗಿಟ್ಟು ಹೊರಗೆ ಹೋಗಿ ನಿಂತರು. ರಾತ್ರಿ ಖಾಲಿ ಡಬ್ಬ ಎತ್ತಿಡುವಾಗ ಅದರ ಮೇಲಿನ ಅಚ್ಚು ನನ್ನ ಕಣ್ಣಿಗೆ ಬಿತ್ತು. ಮಾರನೇ ದಿನ ಅವರ ಮನೆಗೆ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡೆ. ಗುಮಾಸ್ತರ ಮಗಳಾಗಿ, ವಿಜ್ಞಾನದ ಮೇಷ್ಟ್ರಾಗಿ ನಾನು ಮೊದಲೇ ಡಬ್ಬ ನೋಡಬೇಕಿತ್ತು. ಅಂದಿನಿಂದ ಯಾರ ಮನೆಯ ಪಟ್ಟಿ ಕೈಗೆ ಬಂದರೂ "ಡಬ್ಬ" ಎಂದಿರುವುದನ್ನು ಹೊಡೆದುಹಾಕಿ ಕೆ.ಜಿ. ಎಂದು ಬರೆಯುತ್ತೇನೆ.

ನಿಮ್ಮ ವ್ಯಾಪಾರಕ್ಕೆ ಇನ್ನೊಂದು ಮಾತು. ಒಂದು ದಿನದ ಕರಿಯುವಿಕೆಗೆ ಎಷ್ಟು ಎಣ್ಣೆ ಹೋಯಿತು ಎಂಬುದನ್ನು ಬಾಣಲೆಯ ಮಟ್ಟ ನೋಡಿ ಅಂದಾಜು ಮಾಡಬೇಡಿ. ಕಾದ ಎಣ್ಣೆ ಉಬ್ಬಿರುತ್ತದೆ. ಬೆಳಿಗ್ಗೆ ಬಾಣಲೆಗೆ ಸುರಿಯುವ ಎಣ್ಣೆಯನ್ನು ತೂಗಿ ಬರೆದಿಡಿ, ನಡುವೆ ಹಾಕಿದ್ದನ್ನೂ ಬರೆಯಿರಿ. ಸಂಜೆ ಪೂರ್ತಿ ತಣಿದ ಮೇಲೆ ಉಳಿದದ್ದನ್ನು ಸೋಸಿ ತೂಗಿ. ಬೆಳಿಗ್ಗೆ 6.2 ಕೆ.ಜಿ. ಇದ್ದದ್ದು ಸಂಜೆ 4.75 ಉಳಿದಿದ್ದರೆ, ಹೋದದ್ದು 1.45 ಕೆ.ಜಿ. ಕೆ.ಜಿ.ಗೆ 160ರಂತೆ 232 ರೂಪಾಯಿ. ಇದನ್ನು ಆ ದಿನ ಕರಿದ ಚಕ್ಕುಲಿಯ ತೂಕಕ್ಕೆ ಹಂಚಿ. ಹೆಂಗಸರು ಮನೆಯಲ್ಲಿ ಕೂತು ಮಾಡುವ ಇಂಥ ಕೆಲಸಗಳಲ್ಲಿ ಹಿಟ್ಟಿನ ಖರ್ಚು ಬರೆಯುತ್ತಾರೆ, ಗ್ಯಾಸಿನದ್ದು ಬರೆಯುತ್ತಾರೆ. ಎಣ್ಣೆಯದ್ದು ಮಾತ್ರ "ಇಷ್ಟಿರಬಹುದು" ಎಂದು ಬಿಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ದುಡ್ಡು ಸೋರುವುದು ಅಲ್ಲೇ.

ಗಾಣದ ಕುಸುಬೆ ಎಣ್ಣೆ ತರಲು ಒಂದು ಲೀಟರಿನ ಬಾಟಲಿ ಒಯ್ದಿದ್ದೆ. ಒಂದು ಕೆ.ಜಿ. ತೂಗಿದರು. ಬಾಟಲಿ ತುಂಬಿ ಕಂಠಕ್ಕೆ ಬಂದರೂ ಪಾತ್ರೆಯಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಅವರ ತೂಕ ಸರಿ ಇದೆಯೇ ಮೇಡಂ?
— ಓದುಗರು, ಬಾಗಲಕೋಟೆ

ಸರಿ ಇದೆ. ಒಂದು ಲೀಟರ್ ಎಣ್ಣೆ ಒಂದು ಕೆ.ಜಿ.ಗಿಂತ ಕಡಿಮೆ ತೂಗುವುದಾದರೆ, ಒಂದು ಕೆ.ಜಿ. ಎಣ್ಣೆಗೆ ಒಂದು ಲೀಟರಿಗಿಂತ ಹೆಚ್ಚು ಜಾಗ ಬೇಕು. 1ನ್ನು 0.91ರಿಂದ ಭಾಗಿಸಿ: ಹತ್ತಿರ ಹತ್ತಿರ 1.1 ಲೀಟರ್. ಲೀಟರ್ ಬಾಟಲಿಯನ್ನು ಕಂಠದವರೆಗೆ ತುಂಬಿದರೆ ಗುರುತಿಗಿಂತ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ. ಆದರೂ ಒಂದು ಸಣ್ಣ ಲೋಟದ ತಳ ಮುಚ್ಚುವಷ್ಟು ಎಣ್ಣೆ ಹೊರಗುಳಿಯಲೇಬೇಕು. ಹೊರಗೆ ಉಳಿಯದಿದ್ದರೆ ನೀವು ಸಂಶಯಪಡಬೇಕಿತ್ತು.

ಬಾಯಿಲೆಕ್ಕಕ್ಕೆ ಹೀಗೆ ನೆನಪಿಡಿ. ಲೀಟರಿನಿಂದ ಕೆ.ಜಿ.ಗೆ ಬರುವಾಗ ನೂರಕ್ಕೆ ಒಂಬತ್ತು ಕಳೆಯಿರಿ. ಕೆ.ಜಿ.ಯಿಂದ ಲೀಟರಿಗೆ ಹೋಗುವಾಗ ನೂರಕ್ಕೆ ಹತ್ತು ಕೂಡಿಸಿ. ಎರಡೂ ಕಡೆ ಒಂಬತ್ತೇ ಅಲ್ಲವೇ ಎಂದು ಶಾಲೆಯಲ್ಲಿ ಮಕ್ಕಳು ಕೇಳುತ್ತಿದ್ದರು. 91ರಿಂದ 100ಕ್ಕೆ ಹೋಗಲು 9 ಕೂಡಿಸಬೇಕು ನಿಜ, ಆದರೆ ಆ 9 ಕೂಡುತ್ತಿರುವುದು 91ಕ್ಕೆ, ನೂರಕ್ಕಲ್ಲ. ನೂರಕ್ಕೆ ಲೆಕ್ಕ ಹಾಕಿದರೆ ಅದು 9.9 ಆಗುತ್ತದೆ.

ಕುಸುಬೆ, ಶೇಂಗಾ, ಸೂರ್ಯಕಾಂತಿ, ಎಳ್ಳು, ಸಾಸಿವೆ, ಯಾವ ಎಣ್ಣೆಗೆ ಎಷ್ಟು ಎಂದು ಬೇರೆ ಬೇರೆ ಕೇಳಿದವರಿದ್ದಾರೆ. ನಮ್ಮ ಊರುಗಳ ಬಿಸಿಲಿನಲ್ಲಿ, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಇವೆಲ್ಲ 0.91ರ ಸುತ್ತಲೇ ಇರುತ್ತವೆ. ಎಳ್ಳೆಣ್ಣೆ, ಕುಸುಬೆ ಎಣ್ಣೆ ಕೂದಲೆಳೆಯಷ್ಟು ಭಾರ. ವ್ಯತ್ಯಾಸ ಲೀಟರಿಗೆ ಹತ್ತು ಗ್ರಾಂ ದಾಟುವುದಿಲ್ಲ. ಅಡುಗೆಮನೆಗೂ ಅಂಗಡಿಗೂ 0.91 ಒಂದೇ ಸಾಕು. ಹರಳೆಣ್ಣೆ ಮಾತ್ರ ಈ ಗುಂಪಿಗೆ ಸೇರುವುದಿಲ್ಲ. ಅದು ಗಟ್ಟಿ, ಲೀಟರಿಗೆ 960 ಗ್ರಾಂನಷ್ಟು ತೂಗುತ್ತದೆ, ಅಡುಗೆಯದ್ದೂ ಅಲ್ಲ.

ಒಂದು ಲೀಟರಿನ ಪೊಟ್ಟಣದ ಮೇಲೆ 910 ಗ್ರಾಂ ಎಂದಿದೆ. ಉಳಿದ 90 ಗ್ರಾಂ ಎಲ್ಲಿ ಹೋಯಿತು? ಈಚೆಗೆ ಅಂಥದೇ ಪೊಟ್ಟಣದಲ್ಲಿ 850 ಗ್ರಾಂ ಎಂದೂ ನೋಡಿದೆ.
— ಓದುಗಿ, ಬೆಂಗಳೂರು

ಮೊದಲನೆಯದರಲ್ಲಿ ಏನೂ ಹೋಗಿಲ್ಲ. ಲೀಟರಿಗೆ 910 ಗ್ರಾಂ, ಸರಿಯಾದ ಲೆಕ್ಕ. ಎರಡನೆಯದರಲ್ಲಿ ನಿಜವಾಗಿಯೂ ಎಣ್ಣೆ ಕಡಿಮೆ ಇದೆ: 850 ಗ್ರಾಂ ಅಂದರೆ ಸುಮಾರು 934 ಮಿ.ಲೀ. 800 ಗ್ರಾಂ ಆದರೆ 880 ಮಿ.ಲೀ.ಗೂ ಒಂದು ಚೂರು ಕಡಿಮೆ. ಪೊಟ್ಟಣದ ಗಾತ್ರ, ಬಣ್ಣ ಎಲ್ಲ ಲೀಟರಿನದರಂತೆಯೇ ಇರುತ್ತದೆ, ಕೈಯಲ್ಲಿ ಹಿಡಿದಾಗ ಗೊತ್ತಾಗುವುದಿಲ್ಲ. ತೂಕ ಅಚ್ಚಾಗಿರುವುದರಿಂದ ಅದು ಕಾನೂನಿಗೆ ವಿರುದ್ಧವಲ್ಲ. ಆದರೆ ಓದಲು ಬಾರದ ಎಷ್ಟೋ ತಾಯಂದಿರು ಆಕಾರ ನೋಡಿ ಕೊಳ್ಳುತ್ತಾರೆ, ಅದು ನನಗೆ ನೋವಿನ ವಿಷಯ. ಪೊಟ್ಟಣದ ಹಿಂದೆ ಒಂದು ಗ್ರಾಂಗೆ ಅಥವಾ ಒಂದು ಮಿ.ಲೀ.ಗೆ ಎಷ್ಟು ಬೆಲೆ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡು ಪೊಟ್ಟಣ ಹೋಲಿಸುವಾಗ ಅದನ್ನೇ ನೋಡಿ. ಒಂದರ ಮೇಲೆ ಗ್ರಾಂ, ಇನ್ನೊಂದರ ಮೇಲೆ ಮಿ.ಲೀ. ಇದ್ದರೆ ಮಿ.ಲೀ. ಬೆಲೆಯನ್ನು 0.91ರಿಂದ ಭಾಗಿಸಿ, ಗ್ರಾಂನ ಬೆಲೆ ಸಿಗುತ್ತದೆ.

ಇದರ ಹಿಂದೆ ಇನ್ನೊಂದು ಕಥೆ ಇದೆ. ಕೆಲವು ತಯಾರಕರು "60 ಡಿಗ್ರಿಯಲ್ಲಿ 1 ಲೀಟರ್" ಎಂದು ಅಚ್ಚು ಹಾಕುತ್ತಿದ್ದರು. ಬಿಸಿ ಮಾಡಿದಾಗ ಎಣ್ಣೆ ಹಿಗ್ಗುತ್ತದೆ, ಕಡಿಮೆ ಎಣ್ಣೆಯೇ ಲೀಟರ್ ಜಾಗ ತುಂಬುತ್ತದೆ. ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಲೀಟರಿಗೆ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 893 ಗ್ರಾಂ ಅಷ್ಟೆ. ಹಾಗೆ ಅಳೆದ ಲೀಟರ್ ನಮ್ಮ ಮನೆಯ ತಣ್ಣನೆಯ ಅಲಮಾರಿಗೆ ಬಂದಾಗ 980 ಮಿ.ಲೀ. ಕೂಡ ಇರುವುದಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶ ಬರೆಯುವುದನ್ನು ಬಿಟ್ಟು ಲೀಟರಿನ ಜೊತೆಗೆ ತೂಕವನ್ನೂ ಹೇಳಿ, ಎರಡೂ ಸರಿಯಿರಲಿ ಎಂದು ಎಣ್ಣೆ ತಯಾರಕರಿಗೆ ತಿಳಿಸಿತು. ಅದಕ್ಕೆ 2023ರ ಜನವರಿ 15ರವರೆಗೆ ಸಮಯ ಕೊಟ್ಟಿತ್ತು. ಲೀಟರ್ ಎಂಬುದು ಬಿಸಿಲು ನೆರಳಿನೊಡನೆ ಹಿಗ್ಗುವ, ಕುಗ್ಗುವ ಅಳತೆ. ಗ್ರಾಂಗೆ ಆ ಚಿಂತೆ ಇಲ್ಲ. ನೀವು ಮೊದಲು ಓದಬೇಕಾದ ಅಂಕಿ ಗ್ರಾಂನದು.

ಪುಳಿಯೋಗರೆ ಗೊಜ್ಜಿಗೆ ಅಮ್ಮ ಫೋನಿನಲ್ಲಿ "ಎಂಟು ಟೇಬಲ್ ಸ್ಪೂನ್ ಎಳ್ಳೆಣ್ಣೆ" ಎನ್ನುತ್ತಾರೆ. ಹಾಗೇ ಹಾಕಿದರೆ ಇಲ್ಲಿ ಪ್ರತಿ ಸಲ ಎಣ್ಣೆ ಮೇಲೆ ನಿಲ್ಲುತ್ತದೆ. ಇಲ್ಲಿನ ಎಣ್ಣೆಯೇ ಬೇರೆಯೇ ಆಂಟಿ?
— ಓದುಗಿ, ಮೆಲ್ಬರ್ನ್

ಎಣ್ಣೆ ಬೇರೆಯಲ್ಲ ಮಗಳೇ, ಚಮಚ ಬೇರೆ. ನಮ್ಮಲ್ಲಿ ಸಿಗುವ ಅಳತೆ ಚಮಚಗಳ ಗೊಂಚಲಿನಲ್ಲಿ ಟೇಬಲ್ ಸ್ಪೂನ್ ಅಂದರೆ 15 ಮಿ.ಲೀ. ಆಸ್ಟ್ರೇಲಿಯಾದಲ್ಲಿ ಅದು 20 ಮಿ.ಲೀ. ಅಮ್ಮನ ಎಂಟು ಚಮಚ 120 ಮಿ.ಲೀ., ನಿನ್ನ ಎಂಟು 160. ಹೆಚ್ಚಾದ 40 ಮಿ.ಲೀ. ಸುಮಾರು 36 ಗ್ರಾಂ ಎಣ್ಣೆ. ಗೊಜ್ಜಿನ ಮೇಲೆ ನಿಂತದ್ದು ಅದೇ. ಆರು ಚಮಚ ಹಾಕು, ಸರಿಹೋಗುತ್ತದೆ. ಅಲ್ಲಿನ ಕಪ್ಪು ಕೂಡ 250 ಮಿ.ಲೀ., ನಮ್ಮದು 240. ಎಣ್ಣೆಯಲ್ಲಿ 228 ಗ್ರಾಂ ಮತ್ತು 218 ಗ್ರಾಂ. ಟೀ ಚಮಚ ಎರಡು ಕಡೆಯೂ 5 ಮಿ.ಲೀ., 4.5 ಗ್ರಾಂ.

ಅಮ್ಮನಿಗೆ ಒಂದು ಸಲ ತೂಗಿ ಹೇಳಲು ಹೇಳು. "110 ಗ್ರಾಂ ಎಳ್ಳೆಣ್ಣೆ" ಎಂದರೆ ಅದು ಮೈಸೂರಿನಲ್ಲೂ ಮೆಲ್ಬರ್ನಿನಲ್ಲೂ ಅಷ್ಟೇ. ಒಂದು ಎಚ್ಚರಿಕೆ: ವಿದೇಶದ ಅಂಗಡಿಯಲ್ಲಿ ಹುರಿದ ಎಳ್ಳಿನ ಕಂದು ಬಣ್ಣದ ಎಣ್ಣೆ ಸಿಗುತ್ತದೆ. ಅದರ ವಾಸನೆ ಗೊಜ್ಜನ್ನು ಕೆಡಿಸುತ್ತದೆ. ಭಾರತದ ಸಾಮಾನಿನ ಅಂಗಡಿಯಲ್ಲಿ ಸಿಗುವ ತಿಳಿ ಎಳ್ಳೆಣ್ಣೆಯನ್ನೇ ತಾ.

ನಮ್ಮ ಅಜ್ಜಿ ಬರೆದಿಟ್ಟ ಅಡುಗೆ ಪುಸ್ತಕ ಸಿಕ್ಕಿದೆ. "ಮಾವಿನಮಿಡಿಗೆ ಮುಕ್ಕಾಲು ಪಾವು ಎಣ್ಣೆ", "ಒಂದು ಚಟಾಕು ಎಣ್ಣೆ ಒಗ್ಗರಣೆಗೆ" ಎಂದೆಲ್ಲ ಇದೆ. ಗ್ರಾಂಗೆ ತಿರುಗಿಸಿ ಮೊಮ್ಮಕ್ಕಳಿಗೆ ಬರೆದುಕೊಡಬೇಕೆಂದಿದ್ದೇನೆ. ಹೇಗೆ?
— ಓದುಗಿ, ಹಾಸನ

ಈ ಕಾಗದವನ್ನು ನಾನು ಎರಡು ಸಲ ಓದಿದೆ. ದಯವಿಟ್ಟು ಈ ಕೆಲಸ ಬಿಡಬೇಡಿ.

ಸೇರಿನಲ್ಲಿ ನಾಲ್ಕನೇ ಒಂದು ಪಾಲು ಪಾವು, ಹದಿನಾರನೇ ಒಂದು ಪಾಲು ಚಟಾಕು. ತೂಕದ ಸೇರಿಗೆ 80 ತೊಲ. 1956ರ ತೂಕ ಮತ್ತು ಅಳತೆ ಕಾಯ್ದೆ ಮೆಟ್ರಿಕ್ ಪದ್ಧತಿ ತಂದಾಗ ಈ ಸೇರನ್ನು 0.93310 ಕೆ.ಜಿ. ಎಂದು ಗೊತ್ತುಮಾಡಿತು. ಆ ಲೆಕ್ಕದಲ್ಲಿ ಚಟಾಕು 58 ಗ್ರಾಂಗೆ ಒಂದು ಚೂರು ಮೇಲೆ, ಪಾವು 233 ಗ್ರಾಂ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ತಪ್ಪುತ್ತದೆ. ಅಜ್ಜಿಯ ಕೈಯಲ್ಲಿ ಇದ್ದದ್ದು ತೂಕದ ಬಟ್ಟಲ್ಲ, ಪಾವಿನ ಪಾತ್ರೆ. ಪಕ್ಕಾ ಸೇರು, ಕಚ್ಚಾ ಸೇರು ಎಂದು ಬೇರೆ ಬೇರೆ ಇದ್ದವು. ಒಂದು ಸೀಮೆಯ ಸೇರು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಪುಸ್ತಕಕ್ಕಿಂತ ಪಾತ್ರೆ ಮುಖ್ಯ. ಅಟ್ಟ ಹುಡುಕಿ. ದೇವರಮನೆಯಲ್ಲಿ ಅಕ್ಕಿ ತುಂಬಿಟ್ಟಿರುವ ಹಿತ್ತಾಳೆ ಪಾವು, ಗೃಹಪ್ರವೇಶಕ್ಕೆ ಒದೆಯುವ ಸೇರು, ಇವೇ ಅಜ್ಜಿಯ ಅಳತೆಗಳಾಗಿರಬಹುದು.

ಪಾತ್ರೆ ಸಿಕ್ಕಿದ ಮೇಲೆ ಕೆಲಸ ಬಹಳ ಸುಲಭ. ಅದನ್ನು ಒಣಗಿಸಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಅಂಚಿಗೆ ಸಮನಾಗುವಂತೆ ನೀರು ತುಂಬಿ ತೂಗಿ. ನೀರು ಎಷ್ಟು ಗ್ರಾಂ ಬಂತೋ ಪಾತ್ರೆ ಅಷ್ಟು ಮಿ.ಲೀ. ಹಿಡಿಯುತ್ತದೆ. ಅದನ್ನು 0.91ರಿಂದ ಗುಣಿಸಿದರೆ ಎಣ್ಣೆಯ ಗ್ರಾಂ. ನಮ್ಮ ಮನೆಯ ಪಾವಿನಲ್ಲಿ ನೀರು 246 ಗ್ರಾಂ ಬಂತು. ಎಣ್ಣೆಯಾದರೆ 224. ಹೀಗೆ ಮಾಡಿದರೆ ಎಣ್ಣೆ ಸುರಿದು, ಪಾತ್ರೆ ಜಿಡ್ಡು ಮಾಡಿ, ಮತ್ತೆ ತೊಳೆಯುವ ಪಾಡಿಲ್ಲ. ಪಾತ್ರೆಯ ಗೋಡೆಗೆ ಅಂಟಿ ಉಳಿಯುವ ಎಣ್ಣೆಯ ತಾಪತ್ರಯವೂ ಇಲ್ಲ. ಒಗ್ಗರಣೆ ಸೌಟು, ಕಾಫಿ ಲೋಟ, ತೀರ್ಥದ ಉದ್ಧರಣೆ, ಯಾವುದನ್ನು ಬೇಕಾದರೂ ಈ ಬಗೆಯಲ್ಲಿ ಅಳತೆ ಮಾಡಿಟ್ಟುಕೊಳ್ಳಬಹುದು. ನಾನು ಶಾಲೆಯಲ್ಲಿದ್ದಾಗ ಎಂಟನೇ ತರಗತಿಯ ಮಕ್ಕಳಿಗೆ ಮನೆಯಿಂದ ಒಂದೊಂದು ಲೋಟ ತರಲು ಹೇಳಿ ಇದನ್ನೇ ಮಾಡಿಸುತ್ತಿದ್ದೆ. ನಲವತ್ತು ಮಕ್ಕಳು, ನಲವತ್ತು "ಒಂದು ಲೋಟ". ಒಂದರ ಹಾಗೆ ಇನ್ನೊಂದಿರಲಿಲ್ಲ.

ನೆನಪಿಡಿ, ಅಕ್ಕಿ ಬೇಳೆಗೆ ಪಾವಿನ ಮೇಲೆ ರಾಶಿ ಏರಿಸಿ ಅಳೆಯುತ್ತಿದ್ದರು. ಎಣ್ಣೆಗೆ ಅದು ಆಗದು, ಅಂಚಿನ ಸಮಕ್ಕೇ ಲೆಕ್ಕ. ಪಾತ್ರೆ ಸಿಗದೇ ಹೋದರೆ? ಆಗ ಉಪ್ಪಿನಕಾಯಿಯನ್ನು ನಾಲ್ಕನೇ ಒಂದು ಪಾಲು ಮಾಡಿ ನೋಡಿ. ನಮ್ಮ ಪಾವಿನ ಲೆಕ್ಕದಲ್ಲಿ ಮುಕ್ಕಾಲು ಪಾವು 168 ಗ್ರಾಂ, ಅದರ ನಾಲ್ಕನೇ ಒಂದು 42 ಗ್ರಾಂ. ಅಲ್ಲಿಂದ ಶುರುಮಾಡಿ, ಮಿಡಿ ಮುಳುಗುವಷ್ಟು ಆಗಿದೆಯೇ ನೋಡಿ. ಅಜ್ಜಿಯ ಕೈರುಚಿ ತಿಂದವರು ಮನೆಯಲ್ಲಿ ಇನ್ನೂ ಇದ್ದರೆ ಅವರಿಗೆ ಮೊದಲು ಬಡಿಸಿ. ಬರೆಯುವಾಗ ಅಜ್ಜಿಯ ಮಾತನ್ನು ಅಳಿಸಬೇಡಿ. "ಮುಕ್ಕಾಲು ಪಾವು" ಎಂದು ಬರೆದು ಪಕ್ಕದಲ್ಲಿ ಗ್ರಾಂ ಬರೆಯಿರಿ.

ನನಗೆ 68 ವರ್ಷ. ಡಾಕ್ಟರು ದಿನಕ್ಕೆ 20 ಗ್ರಾಂ ಎಣ್ಣೆ ದಾಟಬೇಡಿ ಎಂದಿದ್ದಾರೆ. ಸೊಸೆಗೆ ಎಷ್ಟು ಚಮಚ ಎಂದು ಹೇಳಲಿ?
— ಓದುಗರು, ಶಿವಮೊಗ್ಗ

5 ಮಿ.ಲೀ. ಚಮಚದಲ್ಲಿ ನಾಲ್ಕೂವರೆಗೆ ಒಂದು ಚೂರು ಕಡಿಮೆ, 22 ಮಿ.ಲೀ. ಆದರೆ ಮನೆಯ ಚಮಚವನ್ನು ನಂಬಬೇಡಿ, ಕೆಲವು ಐದಕ್ಕೆ ಬದಲು ಎಂಟು ಹಿಡಿಯುತ್ತವೆ. ಕೆಮ್ಮಿನ ಔಷಧದ ಬಾಟಲಿಯ ಜೊತೆ ಗೆರೆ ಹಾಕಿದ ಪುಟ್ಟ ಮುಚ್ಚಳ ಬರುತ್ತದಲ್ಲ, ಚೆನ್ನಾಗಿ ತೊಳೆದು ಅದನ್ನು ಬಳಸಿ.

ಮನೆಮಂದಿಗೆಲ್ಲ ಒಂದೇ ಅಡುಗೆಯಾದರೆ ಒಬ್ಬರ ಪಾಲು ಅಳೆಯುವುದು ಕಷ್ಟ. ಆಗ ತಿಂಗಳ ಲೆಕ್ಕ ಹಿಡಿಯಿರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕಿಲೋ ಕ್ಯಾಲರಿಯ ಊಟಕ್ಕೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ ಎಂದಿದೆ. ಅಂದರೆ 30 ಮಿ.ಲೀ., ಆರು ಟೀ ಚಮಚ. ಒಬ್ಬರಿಗೆ ತಿಂಗಳಿಗೆ 810 ಗ್ರಾಂ. ನಾಲ್ಕು ಜನರಿಗೆ 3.24 ಕೆ.ಜಿ., ಮೂರೂವರೆ ಲೀಟರ್. ನಿಮ್ಮ ಪಾಲು ತಿಂಗಳಿಗೆ 600 ಗ್ರಾಂ ಎಂದು ಹಿಡಿದು ಅದನ್ನು ಇಳಿಸಿ. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಲು ಸೊಸೆಗೆ ಹೇಳಿ. ಎರಡು ತಿಂಗಳಲ್ಲಿ ನಿಮ್ಮ ಮನೆಯ ಎಣ್ಣೆಯ ಲೆಕ್ಕ ನಿಮಗೇ ಕಾಣುತ್ತದೆ. ಹೊರಗೆ ತಿಂದ ಬೋಂಡ ಈ ಲೆಕ್ಕದಲ್ಲಿ ಬರುವುದಿಲ್ಲ, ಅದನ್ನು ಮರೆಯಬೇಡಿ.

ಒಂದು ಎಣ್ಣೆಯ ಮೇಲೆ 900 ಕಿಲೋ ಕ್ಯಾಲರಿ, ಇನ್ನೊಂದರ ಮೇಲೆ 819 ಎಂದಿದೆ. ಎರಡನೆಯದು ಒಳ್ಳೆಯದೇ?
— ಓದುಗಿ, ಹುಬ್ಬಳ್ಳಿ

ಎರಡೂ ಒಂದೇ. ಒಂದು ಗ್ರಾಂ ಕೊಬ್ಬಿಗೆ 9 ಕಿಲೋ ಕ್ಯಾಲರಿ, ಯಾವ ಎಣ್ಣೆಯಾದರೂ. ಮೊದಲನೆಯವರು 100 ಗ್ರಾಂಗೆ ಹೇಳಿದ್ದಾರೆ, ಎರಡನೆಯವರು 100 ಮಿ.ಲೀ.ಗೆ, ಅಂದರೆ 91 ಗ್ರಾಂಗೆ. ತೊಂಬತ್ತೊಂದು ಒಂಬತ್ತಲೆ 819.

ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಚಮಚಕ್ಕೆ ಬರುವುದಿಲ್ಲ. ಗಟ್ಟಿಯಾದದ್ದನ್ನು ಹೇಗೆ ಅಳೆಯುವುದು?
— ಓದುಗಿ, ಮಡಿಕೇರಿ

ತೂಗಿ. 24–25 ಡಿಗ್ರಿಗಿಂತ ತಂಪಾದರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಕುಗ್ಗಿ ನಡುವೆ ಗುಳಿ ಬೀಳುತ್ತದೆ. ತೂಕ ಒಂದು ಗ್ರಾಂ ಕೂಡ ಬದಲಾಗುವುದಿಲ್ಲ. ಬರಹದಲ್ಲಿ 100 ಮಿ.ಲೀ. ಎಂದಿದ್ದರೆ 91 ಗ್ರಾಂ ಕೆರೆದು ಹಾಕಿ. ಕರಗಿದ ತುಪ್ಪಕ್ಕೂ ಇದೇ ಲೆಕ್ಕ ಸಾಕು. ಬೆಣ್ಣೆ ಮಾತ್ರ ಬೇರೆ, ಅದರಲ್ಲಿ ನೀರೂ ಇರುತ್ತದೆ. ಅಂಗಡಿಯ ಬೆಣ್ಣೆ 100 ಗ್ರಾಂ ಹೇಳಿದ ಕಡೆ ಎಣ್ಣೆ ಹಾಕುವುದಾದರೆ 80 ಗ್ರಾಂ.

ಟೀಚರ್, ನಾನು ಒಂಬತ್ತನೇ ತರಗತಿ. ಬೇಸಿಗೆಯಲ್ಲಿ ನಮ್ಮ ಮನೆಯ ಎಣ್ಣೆ ಬಾಟಲಿಯಲ್ಲಿ ಎಣ್ಣೆ ಮೇಲೆ ಬಂದ ಹಾಗೆ ಕಾಣುತ್ತದೆ. ಬಿಸಿಲಿಗೆ ಎಣ್ಣೆ ಹೆಚ್ಚಾಗುತ್ತದೆಯೇ?
— ವಿದ್ಯಾರ್ಥಿ, ರಾಯಚೂರು

ಬಹಳ ಚೆನ್ನಾಗಿ ಗಮನಿಸಿದ್ದೀಯ ಮಗು. ಎಣ್ಣೆ ಹೆಚ್ಚಾಗುವುದಿಲ್ಲ, ಅದು ಹಿಡಿಯುವ ಜಾಗ ಹೆಚ್ಚಾಗುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಒಂದು ಲೀಟರ್ ಎಣ್ಣೆ ಸುಮಾರು ಮುಕ್ಕಾಲು ಮಿ.ಲೀ. ಹಿಗ್ಗುತ್ತದೆ. ನಿಮ್ಮ ಊರಿನಲ್ಲಿ ಚಳಿಗಾಲದ ಬೆಳಿಗ್ಗೆ 18 ಡಿಗ್ರಿ, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಎಂದಿಟ್ಟುಕೊಳ್ಳೋಣ. 24 ಡಿಗ್ರಿಯ ಏರಿಕೆಗೆ 18 ಮಿ.ಲೀ., ಮೂರೂವರೆ ಚಮಚ. ಬಾಟಲಿಯ ಕಂಠ ಕಿರಿದಾದ್ದರಿಂದ ಅದು ಕಣ್ಣಿಗೆ ಕಾಣುತ್ತದೆ. ಮನೆಯಲ್ಲಿ ಬಾಣಲೆಯನ್ನು ಅರ್ಧಕ್ಕಿಂತ ಮೇಲೆ ತುಂಬಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ. 30 ಡಿಗ್ರಿಯ ಒಂದು ಲೀಟರ್ ಎಣ್ಣೆ ಪೂರಿ ಕರಿಯುವ 180 ಡಿಗ್ರಿಗೆ ಬರುವಷ್ಟರಲ್ಲಿ 1.1 ಲೀಟರ್ ದಾಟಿರುತ್ತದೆ. ಆಮೇಲೆ ಪೂರಿ ಬಿಟ್ಟಾಗ ನೊರೆ ಬೇರೆ.

ನೀನೇ ಮಾಡಿ ನೋಡು, ಒಲೆಯ ಹತ್ತಿರ ಹೋಗಬೇಡ. ಕಿರಿದಾದ ಕಂಠದ ಗಾಜಿನ ಬಾಟಲಿಗೆ ಕಂಠದ ಬುಡದವರೆಗೆ ಎಣ್ಣೆ ಹಾಕಿ ಮುಚ್ಚಳ ಬಿಗಿ ಮಾಡು. ಬೆಳಿಗ್ಗೆ ಆರಕ್ಕೆ ಎಣ್ಣೆಯ ಮಟ್ಟಕ್ಕೆ ಒಂದು ಗೆರೆ ಎಳೆದು, ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಬರೆದಿಡು. ಮಧ್ಯಾಹ್ನ ಎರಡಕ್ಕೆ ಇನ್ನೊಂದು ಗೆರೆ, ಇನ್ನೊಂದು ತೂಕ. ನಾಲ್ಕು ದಿನದ ಗೆರೆ, ತೂಕ, ಆ ಹೊತ್ತಿನ ಉಷ್ಣಾಂಶ ಎಲ್ಲವನ್ನೂ ಬರೆದು ನನಗೆ ಕಳಿಸು. ಬೇಸಿಗೆ ಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತೇನೆ.